ಮಗಳಿಗೊಂದು ಪತ್ರ: ಎಂಜಿನ್ ಬಿಡು, ತಗಡು ನೋಡು

ಮುಲುಂಡ್, ಮುಂಬೈ

ಪ್ರೀತಿಯ ಮಗಳೇ,

ಕಾರನ್ನು ಪುಣೆಗೆ ತಗೊಂಡು ಹೋಗಲಾ ಅಂತ ನೀನು ಕೇಳಿದಾಗಿನಿಂದ ಮನೆಯಲ್ಲಿ ಇದೇ ಮಾತು. ‘15 ವರ್ಷ ಆಯ್ತು, ಇನ್ನು ಅದು ಗುಜರಿಗೇ’ ಅಂತ ನಿಮ್ಮಪ್ಪ. ಪಕ್ಕದ ಮನೆ ಶೆಟ್ರದ್ದೂ ಅದೇ ರಾಗ. ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ, ಅದು ಬೇರೆ ವಿಷಯ. ಓಡಿಸುವವಳು ನಾನು, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

15 ವರ್ಷ ಅನ್ನುವುದು ಆರ್‌ಸಿಯ, ಅಂದರೆ ನೋಂದಣಿ ಪತ್ರದ ಅವಧಿ, ಕಾರಿನ ಆಯಸ್ಸಲ್ಲ. ಆರ್‌ಟಿಒಗೆ ಕಾರು ತೋರಿಸಿ ಪಾಸಾದರೆ ಮತ್ತೆ 5 ವರ್ಷ ಸಿಗುತ್ತದೆ. ಅದು ಮುಗಿದ ಮೇಲೆ ಇನ್ನೊಂದು 5. ನಿಮ್ಮಪ್ಪ ಟಿವಿಯಲ್ಲಿ ಕೇಳಿದ್ದು ದೆಹಲಿಯ ಕತೆ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನುವ ಮಿತಿಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಅಲ್ಲಿನ ಹೊಗೆಗಾಗಿ. ಮಹಾರಾಷ್ಟ್ರದ ಮನೆಬಳಕೆಯ ಕಾರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮುಂಬೈಯಲ್ಲಿ ಮಿತಿ ಇರುವುದು ಟ್ಯಾಕ್ಸಿಗೆ, 20 ವರ್ಷ. ಕಾಳಿ-ಪೀಲಿಗಳು, ಆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಹೋದದ್ದು ಹಾಗೇ ಅಲ್ವಾ? ಕೊನೆಯದು ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್‌ನಲ್ಲಿ ರಿಜಿಸ್ಟರ್ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಎಂಜಿನ್ ಕೆಟ್ಟು ಅಲ್ಲ, ತಾರೀಕು ಮುಗಿದು.

ಆರ್‌ಸಿ ನವೀಕರಣದ ಫೀ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಆಮೇಲೆ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಬೇರೆ. ಫಾರ್ಮ್ 25 ತುಂಬಬೇಕು, ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಕೊಡಬಹುದು. ಬೇಸರದ ಕೆಲಸ, ಆದರೆ ಆಗದ ಕೆಲಸವೇನಲ್ಲ.

ಕಾರು ಎಷ್ಟು ಕಾಲ ಬಾಳುತ್ತದೆ ಅನ್ನುವುದನ್ನು ಈ ಊರಲ್ಲಿ ತೀರ್ಮಾನ ಮಾಡುವುದು ತುಕ್ಕು. ಎಂಜಿನ್‌ಗೆ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದರೆ ಅದು ಓಡುತ್ತಲೇ ಇರುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಹೊಸದು ಹಾಕಿಸು. ಸಣ್ಣಪುಟ್ಟ ಪಾರ್ಟ್ ಸಿಗದಿದ್ದರೆ ಕುರ್ಲಾದ ಸಿಎಸ್‌ಟಿ ರೋಡ್ ಇದೆ, ನಿನಗೆ ಪುಣೆಯಲ್ಲಿ ನಾನಾ ಪೇಟೆ ಇದೆ. ಆದರೆ ನಮ್ಮಂಥ ಕಾರುಗಳಿಗೆ ಲಾರಿಯ ಹಾಗೆ ಅಡಿಯಲ್ಲಿ ಭಾರ ಹೊರುವ ಬೇರೆ ಚೌಕಟ್ಟು (ಚಾಸಿ) ಇರುವುದಿಲ್ಲ. ತಗಡಿನ ಮೈಯೇ ಭಾರ ಹೊರಬೇಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸೊಸೈಟಿ ಅಂಗಳದಲ್ಲಿ ಬಯಲಲ್ಲೇ ನಿಲ್ಲುವ ಪಾಡು. ಮೇಲೆ ಬಣ್ಣ ಫಳಫಳ ಅಂತಿದ್ದರೂ ಕೆಳಗೆ ತಿಂದುಹೋಗಿರಬಹುದು.

ಅದಕ್ಕೇ ಕಳೆದ ವಾರ ಕಾರಿನ ತಗಡು ಕೆಲಸದ ಡೆಂಟರ್ ಹತ್ತಿರ ಹೋಗಿದ್ದೆ. ಕಾರನ್ನು ಎತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ಉದ್ದಕ್ಕೂ ಬಡಿಯುತ್ತಾ ಹೋದ. ಟಣ್ ಟಣ್ ಅಂತ ಬರುತ್ತಿದ್ದ ಸದ್ದು ಎಡಗಡೆ ಹಿಂದಿನ ಚಕ್ರದ ಹತ್ತಿರ ದಬ್ ಅಂತ ಬದಲಾಯಿತು. ತುದಿಯಿಂದ ಕೆರೆದರೆ ಕಂದು ಹೊಟ್ಟು ಉದುರಿತು, ತೂತು ಬಿದ್ದಿರಲಿಲ್ಲ. ಬಾಗಿಲುಗಳ ಅಡಿಯಲ್ಲಿ ಮಳೆನೀರು ಇಳಿಯಲು ಸಣ್ಣ ಕಿಂಡಿಗಳಿರುತ್ತವೆ. ಹಿಂದಿನ ಬಾಗಿಲಲ್ಲಿ ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡಿದ್ದವು. ಪೊರಕೆ ಕಡ್ಡಿ ಚುಚ್ಚಿದ, ಬೆಲ್ಲದ ನೀರಿನಂಥದ್ದು ಸುರಿಯಿತು. ಆಮೇಲೆ ಬಾನೆಟ್ ಎತ್ತಿ, ಮುಂದಿನ ಸಸ್ಪೆನ್ಶನ್ ಬೋಲ್ಟು ಕೂರುವ ಜಾಗ ತೋರಿಸಿದ. ಅಲ್ಲಿ ತುಕ್ಕು ತಿಂದಿದ್ದರೆ ಕಾರನ್ನು ನಿನಗೆ ಕೊಡುತ್ತಲೇ ಇರಲಿಲ್ಲ. ಗಟ್ಟಿಯಾಗಿದೆ. ಎಡಗಡೆ ತುಂಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲು ಹೇಳಿದ್ದೇನೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುತ್ತೇನೆ ಅನ್ನುವವರು ಬೇಕಾದಷ್ಟಿದ್ದಾರೆ, ಅಂಥವರ ಬಳಿ ಹೋಗಬೇಡ.

ರಿಪೇರಿಗೆ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತೆ ಅಂತ ಶೆಟ್ರು ಹೆದರಿಸುತ್ತಾರೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಮಾರುವವರಿಗೆ ಅದು ಸರಿ, ಓಡಿಸುವವರಿಗಲ್ಲ. ವರ್ಷದ ರಿಪೇರಿಯನ್ನು ಹೊಸ ಕಾರಿನ ವರ್ಷದ ಕಂತಿನ ಪಕ್ಕ ಇಟ್ಟು ನೋಡು.

ಘಾಟಿ ಹತ್ತಿಸುವ ಮೊದಲು ಕೆಲವು ಕೆಲಸ ಆಗಲೇಬೇಕು. ಖೋಪೋಲಿಯಿಂದ ಖಂಡಾಲಕ್ಕೆ ಏರುವಾಗ ಹಳೇ ರೇಡಿಯೇಟರ್ ಹೋಸ್ ಬಿರಿಯುತ್ತದೆ. ಹೋಸ್, ಕೂಲೆಂಟ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸುತ್ತಿದ್ದೇನೆ. ಎಂಜಿನ್ ಬಿಸಿ ತೋರಿಸುವ ಸೂಜಿ ಮೇಲೇರಿದರೆ ಎಸಿ ಆಫ್ ಮಾಡು. ಇಳಿಯುವಾಗ ಸುಮ್ನೆ ಬ್ರೇಕ್ ತುಳಿದುಕೊಂಡೇ ಬರಬೇಡ, ಗೇರ್ ಇಳಿಸು. ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿದ್ದರೂ ವಯಸ್ಸಾದರೆ ತೆಗೆಸಲೇಬೇಕು. ಅದು ತುಂಡಾದರೆ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ನೇ ಹೋಗಬಹುದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಮ್ಮ ಕಾರು ಓಡುವುದೇ ಕಡಿಮೆ, ಹಾಗಾಗಿ ಟೈರ್ ಸವೆದಿಲ್ಲ, ಆದರೆ ಸೀಳು ಬಿಟ್ಟಿದೆ. ನಾಲ್ಕೂ ಹೊಸದು ಹಾಕಿಸುತ್ತೇನೆ. ಪಂಪಿನಲ್ಲಿ ಈಗ ಸಿಗುವುದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ 2011ರ ಕಾರನ್ನು ಅದಕ್ಕೆಂದು ಮಾಡಿಲ್ಲ. ಮೈಲೇಜ್ ಇಳಿಯುತ್ತದೆ, ಹಳೇ ರಬ್ಬರ್‌ಗೂ ಒಳ್ಳೆಯದಲ್ಲ. ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಗ್ಯಾರೇಜಿಗೆ ಒಯ್ಯು.

ಒಂದು ವಿಷಯದಲ್ಲಿ ಮಾತ್ರ ನಿಮ್ಮಪ್ಪನ ಕಡೆಗೇ ನಾನು. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಹೊಸ ಕಾರುಗಳಿಗೆ ಎಬಿಎಸ್, ಚಾಲಕರ ಏರ್‌ಬ್ಯಾಗ್ ಎರಡೂ ಕಡ್ಡಾಯವಾದದ್ದು 2019ರಲ್ಲಿ. ಯಾವ ಮೆಕ್ಯಾನಿಕ್ ಕೈಯಲ್ಲೂ ಇದನ್ನು ಈಗ ಕೂರಿಸಲು ಆಗದು. ಅದಕ್ಕೇ ಕಾರು ಪುಣೆಯೊಳಗೆ ಓಡಲಿ. ಕೋಥರೂಡಿನಿಂದ ಹಿಂಜವಡಿಗೆ ಹೋಗಿ ಬಾ, ಆ ಟ್ರಾಫಿಕ್ಕಿನಲ್ಲಿ ಸ್ಪೀಡ್ ಹೋಗುವುದಾದರೂ ಎಲ್ಲಿ! ವಾರವಾರ ಎಕ್ಸ್‌ಪ್ರೆಸ್‌ವೇ ಮಾತ್ರ ಬೇಡ. ಮನೆಗೆ ಬರುವಾಗ ಡೆಕ್ಕನ್ ಕ್ವೀನ್ ರೈಲು ಹತ್ತಿ ದಾದರ್‌ನಲ್ಲಿ ಇಳಿ.

ಪ್ರತಿ ಮಳೆಗಾಲ ಮುಗಿದ ಮೇಲೆ ಹೀಗೇ ಎತ್ತಿಸಿ ಬಡಿಸಿ ನೋಡು. ಬೋಲ್ಟಿನ ಜಾಗಕ್ಕೆ ತುಕ್ಕು ಬಂದ ದಿನ ಹಿಂದೆಮುಂದೆ ನೋಡದೆ ಬಿಟ್ಟುಬಿಡು. ಬೀದಿಯ ಗುಜರಿಯವನಿಗೆ ಕೊಡಬೇಡ, ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡು. ಅಲ್ಲಿ ಸಿಗುವ ಸರ್ಟಿಫಿಕೇಟ್ ಇದ್ದರೆ ಹೊಸ ಕಾರಿನ ರಿಜಿಸ್ಟ್ರೇಶನ್ ಫೀ ಮಾಫಿ.

ಆರ್‌ಸಿ ನನ್ನ ಹೆಸರಲ್ಲಿ ನವೀಕರಣ ಆಗಲಿ, ಆಮೇಲೆ ನಿನ್ನ ಹೆಸರಿಗೆ ಮಾಡೋಣ. ರಾಜ್ಯ ಒಂದೇ ಆದ್ದರಿಂದ ನಂಬರ್ ಬದಲಾಗುವುದಿಲ್ಲ. ಇನ್ಶೂರೆನ್ಸ್ ಕೂಡ ಜೊತೆಗೇ ಬದಲಿಸಬೇಕು, ಮರೆಯಬೇಡ. ಬರುವಾಗ ಆಧಾರ್ ಮತ್ತು ಪುಣೆಯ ಬಾಡಿಗೆ ಕರಾರುಪತ್ರ ತಾ. ನಿಮ್ಮಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ.

ನಿನ್ನ
ಅಮ್ಮ