ಬಳ್ಳಾರಿ ಸ್ಟೇಷನ್‌ನಲ್ಲಿ ಸಿಕ್ಕ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ಜೀನ್ಸ್ ಹೊಲಿಯುವ ಕೆಲಸ ಹೋಗಿ, ಮನೆ ಬಾಡಿಗೆ ಬಾಕಿ ಉಳಿದು, ಊರೇ ಬಿಡೋಣ ಅಂತ ಬಳ್ಳಾರಿ ಸ್ಟೇಷನ್ ಬೆಂಚಿನ ಮೇಲೆ ಅಳುತ್ತಾ ಕೂತಿದ್ದವಳ ಪಕ್ಕ ಬಂದು ಕೂತಿರಿ. ಉಪದೇಶ ಮಾಡಲಿಲ್ಲ. ಬುತ್ತಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ನಾನು ತಿಂದು ಮುಗಿಸುವವರೆಗೂ ಸುಮ್ನೆ ಇದ್ದಿರಿ.

ಆಮೇಲೆ ಚೀಲದಿಂದ ಹಳೇ ಬೈಬಲ್ ತೆಗೆದು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿದಿರಿ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಇದನ್ನು ಸೆರೆಯಲ್ಲಿದ್ದು ಬರೆದ ಅಂದಿರಿ. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ ಆತ. ಕಲಿತದ್ದು ಅಂದರೆ ಹುಟ್ಟಿನಿಂದ ಬಂದದ್ದಲ್ಲ, ಅಲ್ವಾ? ಹಾಗಾದರೆ ನಾನೂ ಕಲಿಯಬಹುದು ಅನಿಸಿತು. ಅಷ್ಟರಲ್ಲಿ ನಿಮ್ಮ ರೈಲು ಬಂತು.

ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಇದ್ದು ಬೈಬಲನ್ನು ಕನ್ನಡಕ್ಕೆ ಅನುವಾದಿಸಿದರು ಅಂತ ಮೊನ್ನೆ ಓದಿದೆ. ನೀವು ಓದಿ ಹೇಳಿದ ಮಾತು ನಮ್ಮೂರಲ್ಲೇ ಕನ್ನಡವಾಗಿತ್ತು!

ಈಗಲೂ ಸಂಬಳ ಜಾಸ್ತಿ ಏನಿಲ್ಲ. ಆದರೆ ಯೇಸುವಿಗೆ ಪ್ರಾರ್ಥನೆ ಮಾಡಿ ಮಲಗಿದರೆ ನಿದ್ದೆ ಬರುತ್ತದೆ, ಬೆಳಗ್ಗೆ ಎದ್ದಾಗಲೂ ಆ ಸಂತೋಷ ಹಾಗೇ ಇರುತ್ತದೆ. ತುಂಬಾ ಧನ್ಯವಾದ ಅಮ್ಮಾ. ಪ್ರತಿ ಭಾನುವಾರ ನಿಮಗಾಗಿಯೂ ಬೇಡಿಕೊಳ್ಳುತ್ತೇನೆ.