ಜಯಮಂಗಲಿಯ ಜಾಡು ಹಿಡಿದು ಹೋಗು: ಗ್ರಾವೆಲ್ ಬೈಕ್ ಕೊಂಡ ಗೆಳೆಯನಿಗೆ

ಗೆಳೆಯಾ,

ಕೊನೆಗೂ ಗ್ರಾವೆಲ್ ಬೈಕ್, ಅಂದರೆ ಮಣ್ಣು ಜಲ್ಲಿ ದಾರಿಗೂ ಆಗುವ ದಪ್ಪ ಟಯರಿನ ಸೈಕಲ್, ತಗೊಂಡೆಯಂತೆ, ತುಂಬಾ ಖುಷಿಯಾಯಿತು ಕಣೋ. ನಂದಿಬೆಟ್ಟಕ್ಕೆ ಯಾವ ದಾರಿಯಲ್ಲಿ ಹೋಗಲಿ ಅಂತ ಕೇಳಿದ್ದೀಯ. ನಂದಿಬೆಟ್ಟ ಈಗ ಬೇಡ. ಅಲ್ಲಿಗೆ ಒಳ್ಳೆ ಟಾರು ರಸ್ತೆ ಇದೆ, ಅದಕ್ಕೆ ನಿನ್ನ ಹಳೇ ಸೈಕಲ್ಲೇ ಸಾಕಿತ್ತು. ಈ ಸೈಕಲ್‌ಗೆ ತಕ್ಕ ದಾರಿ ತುಮಕೂರು ಜಿಲ್ಲೆಯಲ್ಲಿದೆ. ದೇವರಾಯನದುರ್ಗದ ಕಾಡಿನಿಂದ ಹೊರಟು, ಜಯಮಂಗಲಿ ಹೊಳೆಯನ್ನು ಆದಷ್ಟು ಪಕ್ಕದಲ್ಲೇ ಇಟ್ಟುಕೊಂಡು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನವರೆಗೆ. ಇನ್ನೂ ಕೆಲವರು ಇದನ್ನೇ ಕೇಳುತ್ತಿದ್ದರು, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಹೊಳೆಯ ಜೊತೆ ಹೋಗು ಅನ್ನುವುದಕ್ಕೆ ಕಾರಣ ಇದೆ. ನಮ್ಮ ಬಯಲುಸೀಮೆಯಲ್ಲಿ ನೀರು ಹರಿದ ಕಡೆ ಕೆರೆ ಕಟ್ಟಿದ್ದಾರೆ, ಕೆರೆ ಇದ್ದ ಕಡೆ ಏರಿ ಇದೆ, ಏರಿಯಿಂದ ಗದ್ದೆಗೆ, ತೋಟಕ್ಕೆ, ಮುಂದಿನ ಊರಿಗೆ ಬಂಡಿಜಾಡು ಇದೆ. ಬೆಟ್ಟದ ತುದಿ ಗುರಿ ಇಟ್ಟುಕೊಂಡರೆ ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹೊಳೆ ಹಿಡಿದರೆ ಊರಿಂದ ಊರಿಗೆ ಮಣ್ಣಿನ ದಾರಿ ಸಿಗುತ್ತಾ ಹೋಗುತ್ತದೆ. ಹೆಚ್ಚಿನ ಕಡೆ ಇಳಿಜಾರು ಕೂಡ ನಿನ್ನ ಕಡೆಗೇ ಇರುತ್ತದೆ.

ತುಮಕೂರಿಗೆ ರೈಲಿನಲ್ಲಿ ಬಾ. ಅಲ್ಲಿಂದ ದುರ್ಗ ಸುಮಾರು 15 ಕಿಲೋಮೀಟರ್. ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ಬಾಣ ಬಿಟ್ಟನಂತೆ, ಬಂಡೆ ಸೀಳಿ ನೀರು ಚಿಮ್ಮಿತಂತೆ. ಚಿಲುಮೆ ದಾಟಿದ ಮೇಲೆ ಎರಡೂ ಕಡೆ ಕಾಡು. ಮಲೆನಾಡಿನ ಕಾಡಿನಂಥದ್ದಲ್ಲ, ಎಲೆ ಉದುರಿಸುವ ಒಣಕಾಡು. ದಿಂಡಿಗ, ಜಾಲಾರಿ, ಮುತ್ತುಗ. ಫೆಬ್ರವರಿ ಕೊನೆಗೆ ಜಾಲಾರಿ ಹೂ ಬಿಟ್ಟರೆ ಆ ವಾಸನೆಗೇ ಸೈಕಲ್ ನಿಲ್ಲಿಸಬೇಕು ಅನ್ನಿಸುತ್ತದೆ. ಇಲ್ಲಿ ಚಿರತೆ, ಕರಡಿ ಇವೆ, ಹಾಗಾಗಿ ಪೂರ್ತಿ ಬೆಳಕಾದ ಮೇಲೆ ಹೊರಡು. ಕಾಡಿನೊಳಗೆ ಹೋಗುವ ಕವಲುದಾರಿ ನೋಡಿದರೆ ಮನಸ್ಸು ಎಳೆಯುತ್ತದೆ, ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದಕ್ಕೆ ಇಳಿಯಬೇಡ. ಟಾರು ರಸ್ತೆಯಲ್ಲೇ ದಾಟು, ಕಾಡಂಚಿನ ಹಳ್ಳಿಗಳು ಶುರುವಾದ ಮೇಲೆ ಮಣ್ಣಿಗೆ ಇಳಿ.

ಜಯಮಂಗಲಿ ಹುಟ್ಟುವುದು ಇದೇ ಬೆಟ್ಟದಲ್ಲಿ. ಶಿಂಷಾ ಹುಟ್ಟುವುದೂ ಇಲ್ಲೇ. ಶಿಂಷಾ ತೆಂಕಣಕ್ಕೆ ಹೋಗಿ ಕಾವೇರಿ ಸೇರುತ್ತದೆ, ಜಯಮಂಗಲಿ ಬಡಗಣಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹೋಗುವ ಜಾಗ ಇದು.

ಕೊರಟಗೆರೆ ತಲುಪುವಷ್ಟರಲ್ಲಿ ಹೊಟ್ಟೆ ಹಸಿದಿರುತ್ತದೆ, ಇಡ್ಲಿ ತಿಂದುಕೋ. ಗೊರವನಹಳ್ಳಿಯ ಹತ್ತಿರ ತೀತಾ ಜಲಾಶಯ ಇದೆ, ಹೊಳೆಗೇ ಕಟ್ಟಿರುವುದು. ಮಳೆ ಚೆನ್ನಾಗಿ ಆದ ವರ್ಷ ನೋಡಬೇಕು ಅದನ್ನು. ಅಲ್ಲಿಂದ ಮುಂದೆ ಅಡಿಕೆ, ತೆಂಗು ಹಿಂದೆ ಸರಿಯುತ್ತವೆ. ರಾಗಿ, ಕಡಲೆಕಾಯಿ ಹೊಲ, ನಡುನಡುವೆ ಹುಣಸೆ ಮರ, ಎತ್ತ ನೋಡಿದರೂ ಬೋಳುಬಂಡೆಯ ಬೆಟ್ಟ. ಚನ್ನರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ ಎರಡೂ ದೂರದಿಂದಲೇ ಕಾಣುತ್ತವೆ, ಅವನ್ನು ನೋಡಿಕೊಂಡೇ ದಿಕ್ಕು ಹಿಡಿಯಬಹುದು. ದೇವರಾಯನದುರ್ಗದಿಂದ ಮೈದನಹಳ್ಳಿಗೆ, ನೀನು ಹಿಡಿಯುವ ದಾರಿಯ ಮೇಲೆ, ಸುಮಾರು 70 ಕಿಲೋಮೀಟರ್ ಆಗುತ್ತದೆ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ರಾತ್ರಿ ಮಧುಗಿರಿಯಲ್ಲಿ ಉಳಿ.

ಇನ್ನು ಸೈಕಲ್ ವಿಷಯ. 40 ಮಿಲಿಮೀಟರ್ ಟಯರ್ ಅಂದೆಯಲ್ಲ, ಅದು ಸರಿ. ಆದರೆ ಟಾರು ರಸ್ತೆಯ ನಿನ್ನ ಹಳೇ ಸೈಕಲ್ಲಿಗೆ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿದ ಅಭ್ಯಾಸದಲ್ಲಿ ಇದಕ್ಕೂ ಗಟ್ಟಿಯಾಗಿ ಗಾಳಿ ತುಂಬಬೇಡ. ನಿನ್ನ ತೂಕಕ್ಕೆ 35ರಿಂದ 40 ಸಾಕು. ಗಾಳಿ ಜಾಸ್ತಿಯಾದರೆ ಟಯರ್ ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ, ಹಿಡಿತ ಹೋಗುತ್ತದೆ, ಸಂಜೆಗೆ ಕೈ ಜೋಮು ಹಿಡಿಯುತ್ತದೆ. ತೀರಾ ಕಡಿಮೆ ಮಾಡಿದರೆ ರಿಮ್ ಕಲ್ಲಿಗೆ ಹೊಡೆಯುತ್ತದೆ. ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸು, ತೂತು ಬಿದ್ದರೆ ತಾನೇ ಮುಚ್ಚುವ ಸೀಲಂಟ್ ದ್ರವ ಹಾಕಿಸು. ಇದೊಂದನ್ನು ಖಂಡಿತ ಮಾಡು, ಯಾಕೆಂದರೆ ಕೆರೆ ಏರಿಯ ಉದ್ದಕ್ಕೂ ಬಳ್ಳಾರಿ ಜಾಲಿ ಇದೆ, ಹೊಲದ ಬದುವಿನ ಮೇಲೆ ನೆಗ್ಗಿಲು ಮುಳ್ಳು ಇದೆ, ಆ ನೆಗ್ಗಿಲು ನೆಲದಲ್ಲಿ ಕಾಣಿಸುವುದೇ ಇಲ್ಲ, ಒಂದು ಸಲಕ್ಕೆ ನಾಲ್ಕೈದು ಚುಚ್ಚುತ್ತವೆ. ಟ್ಯೂಬ್ ಇದ್ದರೆ ಇಡೀ ದಿನ ಪಂಕ್ಚರ್ ಹಾಕುವುದೇ ಕೆಲಸವಾಗುತ್ತದೆ.

ಮಳೆ ಬಿದ್ದ ಮಾರನೇ ದಿನ ಹೊರಡಬೇಡ. ಕೆಂಪು ಮಣ್ಣು ಟಯರ್‌ಗೂ ಫ್ರೇಮಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ತಿರುಗಲು ಬಿಡುವುದಿಲ್ಲ. ಎರಡು ದಿನ ಬಿಸಿಲು ಬಿದ್ದರೆ ಅದೇ ದಾರಿ ಗಟ್ಟಿಯಾಗಿ ತುಂಬಾ ಚೆನ್ನಾಗಿರುತ್ತದೆ. ಹೊಳೆಯ ಪಾತ್ರದೊಳಗೆ ಇಳಿಯಬೇಡ, ಮರಳಿನಲ್ಲಿ ಮುಂದಿನ ಚಕ್ರ ಹೂತು ಹೋಗುತ್ತದೆ. ನವೆಂಬರ್ ಡಿಸೆಂಬರಿನಲ್ಲಿ ಹೋದರೆ ರಸ್ತೆ ಮೇಲೆಯೇ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುತ್ತಿರುತ್ತಾರೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗು. ಹುಲ್ಲು ಗೇರು ಬದಲಿಸುವ ಡಿರೇಲರ್‌ಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ, ಮೇಲಾಗಿ ಅದು ಒಬ್ಬರ ವರ್ಷದ ಬೆಳೆ. ಕುರಿಮಂದೆ ಎದುರಾದರೂ ಅಷ್ಟೇ, ನಿಂತು ದಾರಿ ಬಿಡು. ಮಂದೆಯ ನಾಯಿ ಓಡುವ ಸೈಕಲ್ಲನ್ನು ಅಟ್ಟಿಸಿಕೊಂಡು ಬರುತ್ತದೆ, ಇಳಿದು ನಿಂತವನನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಕುರಿ ಕಾಯುವವರನ್ನು ದಾರಿ ಕೇಳು. ಯಾವ ಕೆರೆ ಕೋಡಿ ಬಿದ್ದಿದೆ, ಯಾವ ಜಾಡಿಗೆ ಬೇಲಿ ಹಾಕಿದ್ದಾರೆ ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ, ಫೋನಿನ ಮ್ಯಾಪಿಗೆ ಗೊತ್ತಿರುವುದಿಲ್ಲ.

ಕುಡಿಯಲು ಬೋರ್‌ವೆಲ್ ನೀರು ಹಿಡಿಯಬೇಡ. ಮಧುಗಿರಿ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಬಹಳಷ್ಟು ಊರುಗಳಲ್ಲಿ ಶುದ್ಧ ನೀರಿನ ಘಟಕ ಇದೆ, ಕ್ಯಾನ್ ಹಿಡಿದು ನಿಂತವರನ್ನು ಕೇಳಿದರೆ ನಿನ್ನ ಬಾಟಲಿಗೂ ತುಂಬಿಸಿ ಕೊಡುತ್ತಾರೆ.

ಮೈದನಹಳ್ಳಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಲ್ಲಿರುವ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ನಮ್ಮ ಹೊಳೆಯದೇ ಹೆಸರು. ಗಂಡಿಗೆ ಕಪ್ಪು ಮೈ, ತಿರುಚಿದ ಕೊಂಬು. ಹೆಣ್ಣು, ಮರಿ ಕಂದು. ಬೆದರಿದರೆ ನಾಲ್ಕೂ ಕಾಲು ನೆಲ ಬಿಟ್ಟು ನೆಗೆಯುತ್ತವೆ. ಅವು ಬದುಕುವುದೇ ದೂರ ನೋಡಿ, ಓಡಿ. ಅದಕ್ಕೆ ಮರ ಇಲ್ಲದ ಬಯಲೇ ಬೇಕು. ಇದು ಜನರಿಗೆ ಅರ್ಥವಾಗುವುದಿಲ್ಲ ಅನ್ನುವುದೇ ನನ್ನ ಸಂಕಟ. ಬಯಲು ಕಂಡರೆ ಖಾಲಿ ಬಿದ್ದಿದೆ ಅನ್ನುತ್ತಾರೆ, ಗಿಡ ನೆಡೋಣ ಅನ್ನುತ್ತಾರೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆ ಅಂತಲೇ ಅಭಯಾರಣ್ಯ ಮಾಡಿದರು, ಆದರೆ ಅಲ್ಲಿ ತುಂಬಾ ಜಾಗದಲ್ಲಿ ನಿಂತಿರುವುದು ನೀಲಗಿರಿ ತೋಪು. ದುರ್ಗದ ಕಾಡು ಎಷ್ಟು ಕಾಡೋ ಈ ಹುಲ್ಲೂ ಅಷ್ಟೇ ಕಾಡು ಕಣೋ. ಎರಡನ್ನೂ ಒಂದೇ ಸವಾರಿಯಲ್ಲಿ ನೋಡಬೇಕು ಅಂತಲೇ ನಿನಗೆ ಈ ದಾರಿ ಹೇಳುತ್ತಿರುವುದು.

ಮೀಸಲಿನ ಒಳಗೆ ಸೈಕಲ್ ಓಡಿಸಬೇಡ. ಇಲಾಖೆಯ ಅನುಮತಿ ತೆಗೆದುಕೊಂಡು ನಡೆದು ನೋಡು. ಹೊರಗಿನ ಬಯಲಿನಲ್ಲೂ ಬಂಡಿಜಾಡು ಬಿಟ್ಟು ಪಕ್ಕಕ್ಕೆ ಹೋಗಬೇಡ, ಮಾರ್ಚಿನಿಂದ ಆಗಸ್ಟ್‌ವರೆಗಂತೂ ಬೇಡವೇ ಬೇಡ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ, ಬರೀ ಜಲ್ಲಿನೆಲದಲ್ಲೇ ಮೊಟ್ಟೆ ಇಡುತ್ತದೆ. ಪಕ್ಕದ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಕ್ಕಿ ತಲೆ ಮೇಲೆ ಸುತ್ತುತ್ತಾ ಕಿರುಚಾಡಿದರೆ ಎಲ್ಲೋ ಹತ್ತಿರದಲ್ಲೇ ಮೊಟ್ಟೆ ಇದೆ ಅಂತ ತಿಳಿದುಕೋ, ಬಂದ ಜಾಡಿಗೇ ತಿರುಗು.

ವಾಪಸ್ ಬರಲು ಹಿಂದೂಪುರ ಅಥವಾ ಗೌರಿಬಿದನೂರು. ಎರಡೂ ಒಂದೇ ರೈಲು ಮಾರ್ಗದಲ್ಲಿವೆ, ಬೆಂಗಳೂರಿಗೆ ಗಾಡಿ ಸಿಗುತ್ತದೆ. ಸೈಕಲ್ಲನ್ನು ಲಗೇಜ್‌ಗೆ ಬುಕ್ ಮಾಡಬೇಕು, ಯಾವ ಗಾಡಿಗೆ ಹಾಕಿಸಿಕೊಳ್ಳುತ್ತಾರೆ ಅಂತ ಹೊರಡುವ ಮೊದಲೇ ವಿಚಾರಿಸಿಕೋ. ದಸರಾ ಮುಗಿದ ಮೇಲೆ ಮಳೆ ಬಿಟ್ಟಿದ್ದರೆ ನಾನೂ ಬರುತ್ತೇನೆ. ಅಷ್ಟರಲ್ಲಿ ಆ ಟ್ಯೂಬ್‌ಲೆಸ್ ಕೆಲಸ ಮುಗಿಸಿಡು.

ಇಂತಿ ನಿನ್ನ
ಗೆಳೆಯ