ನಮ್ಮ ತಮಟೆಯನ್ನು ಕಲಾಕ್ಷೇತ್ರದ ತನಕ ತಂದವರಿಗೆ

ಶನಿವಾರ ಸಂಜೆ ರವೀಂದ್ರ ಕಲಾಕ್ಷೇತ್ರದಲ್ಲಿ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಬಿಡುಗಡೆಯಾಯಿತು. ಟಿಕೆಟ್ ಕೊಂಡು ಬಂದವರಿಗೆ, ಬಸ್ ಮಾಡಿಕೊಂಡು ಬಂದು ಮುಂದಿನ ಸಾಲುಗಳನ್ನು ತುಂಬಿದ ಊರಿನವರಿಗೆ, ತಾಲೀಮಿಗೆ ಮಹಡಿ ಬಿಟ್ಟುಕೊಟ್ಟ ಚಾಮರಾಜಪೇಟೆಯ ಮನೆಯವರಿಗೆ, ಕೊಟ್ಟ ಸಾಲದ ಮಾತೆತ್ತದ ಗೆಳೆಯರಿಗೆ ಮನಸಾರೆ ವಂದನೆ.

ನಮ್ಮೂರು ಚಿಂತಾಮಣಿ ಎಂದರೆ ಬೆಂಗಳೂರಿನವರಿಗೆ ಟೊಮೆಟೊ ನೆನಪಾಗುತ್ತದೆ, ಕೈವಾರ ನೆನಪಾಗುತ್ತದೆ. ರಾಕ್ ಸಂಗೀತ ಯಾರಿಗೂ ನೆನಪಾಗುವುದಿಲ್ಲ. ನಮಗೆ ಮಾತ್ರ ಇದು ಸಹಜವಾಗಿಯೇ ಬಂತು. ಕೈವಾರ ತಾತಯ್ಯನವರ ಕನ್ನಡ, ತೆಲುಗು ತತ್ವಪದಗಳು ಭಜನೆಗಳಲ್ಲಿ ಕಿವಿಗೆ ಬಿದ್ದಿದ್ದವು, ಜಾತ್ರೆಯ ತಮಟೆ ಎದೆಗೆ ಬಡಿದಿತ್ತು. ಗಿಟಾರ್ ಆಮೇಲಿನದು. 2023ರಲ್ಲಿ ನಮ್ಮ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಅದಾದ ಮೇಲೂ, ‘ತಮಟೆ ಸಾವಿನ ಮನೆಯದು, ಆ ಸದ್ದನ್ನು ಕೀಬೋರ್ಡಿನಲ್ಲಿ ಹಾಕಿಕೊಳ್ಳಿ’ ಎಂದ ಆಯೋಜಕರು ಈ ನಗರದಲ್ಲಿ ಸಿಕ್ಕರು. ಆ ಮಾತು ಇಂದಿಗೂ ಉರಿಯುತ್ತದೆ.

ನಮ್ಮ ಸೌಂಡ್ ಎಂಜಿನಿಯರ್ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಅಣ್ಣ ಎಂದೇ ಬರೆಯುತ್ತೇನೆ. ಕುಣಿತ ಬಿರುಸಾದಂತೆ ತಮಟೆಯ ಲಯ ಏರುತ್ತದೆ; ಒಂದೇ ವೇಗದಲ್ಲಿ ತಾಳ ಎಣಿಸುವ ಮೆಟ್ರೊನೋಮ್ ಇದ್ದಲ್ಲೇ ಇರುತ್ತದೆ. ಸ್ಟುಡಿಯೋದಲ್ಲಿ ಎರಡನ್ನೂ ಹೊಂದಿಸಲು ಹೆಣಗುತ್ತಿದ್ದಾಗ ಅಣ್ಣ ಮೆಟ್ರೊನೋಮ್ ನಿಲ್ಲಿಸಿ, ‘ಡ್ರಮ್ಸ್ ತಮಟೆಯ ಹಿಂದೆ ಹೋಗಲಿ’ ಎಂದರು. ಚರ್ಮಕ್ಕೆ ಅಂಟಿದಂತಿದ್ದ ಮೈಕನ್ನು ಒಂದೆರಡು ಮೊಳ ಹಿಂದೆ ಸರಿಸಿದರು. ಸಣ್ಣ ಕೋಲಿನ ಚಟಪಟವೂ ದಪ್ಪ ಕೋಲಿನ ಪೆಟ್ಟೂ ಆಗ ಬೇರೆಬೇರೆಯಾಗಿ ಕೇಳಿದವು. ನಮ್ಮ ಸಂಗೀತ ಹೇಗಿರಬೇಕೆಂದು ನಮಗೇ ತಿಳಿದದ್ದು ಅಂದು.

ಹೊಸಕೋಟೆ ರಸ್ತೆಯಲ್ಲಿ ನಮ್ಮ ವ್ಯಾನ್ ಅಪಘಾತಕ್ಕೀಡಾದ ಆ ರಾತ್ರಿಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ತಮಟೆಯ ಹುಡುಗ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದ, ನಾವು ಹೊರಗೆ ಬೆಂಚಿನ ಮೇಲಿದ್ದೆವು. ಬಂದವರು ಧೈರ್ಯ ಹೇಳಿ ಹೋದರು. ಅಣ್ಣ ಹೋಗಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಹುಡುಗನ ಅಮ್ಮ ಊರಿನಿಂದ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು. ಆ ಧ್ವನಿ ಕೇಳುವ ಶಕ್ತಿ ನನಗಿರಲಿಲ್ಲ. ಪ್ರತಿ ಕರೆಗೂ ಅಣ್ಣನೇ ಉತ್ತರಿಸಿದರು. ವ್ಯಾನಿನಿಂದ ಎತ್ತಿ ತಂದಿದ್ದ ತಮಟೆ ಮಳೆಗೆ ತೊಯ್ದು ಸಡಿಲವಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಸ್ವೆಟರಿನಿಂದ ಒರೆಸುತ್ತಾ ಕುಳಿತರು. ‘ಇಷ್ಟು ಸಾಕು, ವಾದ್ಯಗಳನ್ನೆಲ್ಲ ಮಾರಿಬಿಡೋಣ’ ಎಂದು ನಾನು ಗೋಳೋ ಎಂದು ಅತ್ತೆ. ‘ಅವನು ಎದ್ದ ಮೇಲೆ ಅವನನ್ನೇ ಕೇಳೋಣ’ ಎಂದರು.

ಅವನು ಮಾರಲು ಒಪ್ಪಲಿಲ್ಲ. ಎಡ ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ. ಆ ಕೈಯ ಪೆಟ್ಟುಗಳನ್ನು ಬದಲಿಸಿಕೊಂಡು ಶನಿವಾರ ಕೊನೆಯ ಹಾಡಿನವರೆಗೂ ಬಾರಿಸಿದ. ತೆರೆ ಏಳುವ ಮುನ್ನ ಹೊರಗೆ ಹಳೆಯ ಪತ್ರಿಕೆಗಳಿಗೆ ಬೆಂಕಿ ಹಚ್ಚಿ ಆ ತಮಟೆಯನ್ನು ಕಾಯಿಸಿ ಕೊಟ್ಟವರು ಅಣ್ಣ. ಅಣ್ಣ, ನಿಮ್ಮ ಋಣ ದೊಡ್ಡದು.

ಮುಂದಿನ ಕಾರ್ಯಕ್ರಮ ಚಿಂತಾಮಣಿಯಲ್ಲಿ, ಬಯಲಿನಲ್ಲಿ. ಟಿಕೆಟ್ ಇಲ್ಲ. ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಊಟ ನಮ್ಮ ಮನೆಗಳಲ್ಲಿ. ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸಿ.